ಹೆಸರು ಕೇಳದವರು

ಪಂಕ್ ಅಂದರೆ ಹರಿದ ಅಂಗಿಗೆ ಪಿನ್ನು ಚುಚ್ಚಿಕೊಳ್ಳುವುದು, ಕೂದಲನ್ನು ಹುಂಜದ ಜುಟ್ಟಿನ ಹಾಗೆ ನಿಲ್ಲಿಸುವುದು, ದೊಡ್ಡವರ ಮುಂದೆ ಕ್ಯಾಕರಿಸಿ ಉಗಿಯುವುದು ಎಂದು ಲಂಡನ್ನಿನವರು ತಿಳಿದುಕೊಂಡಿದ್ದರೆ ತಿಳಿದುಕೊಳ್ಳಲಿ, ಪಾಪ. ಅವರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಆ ವರ್ಷ, ಎಪ್ಪತ್ತೆಂಟರಲ್ಲಿ, ಪಂಕ್ ಅಂದರೆ ಒಂದೇ ಒಂದು ಕಟ್ಟುಪಾಡು. ಎದುರಿಗಿದ್ದವರ ಹೆಸರು ಕೇಳಬಾರದು.

ಆ ಊರಿನಲ್ಲಿ ಹೆಸರೇ ಜಾತಕ. ಹೆಸರು ಹೇಳಿದರೆ ಯಾವ ಚರ್ಚಿನವರು ಎಂದು ಗೊತ್ತಾಗುತ್ತಿತ್ತು. ಹೆಸರಿನಿಂದ ಗೊತ್ತಾಗದಿದ್ದರೆ ಓದಿದ ಶಾಲೆ, ಶಾಲೆಯಿಂದಲೂ ಗೊತ್ತಾಗದಿದ್ದರೆ ಮನೆಯಿರುವ ಬೀದಿ. ಬೀದಿ ಗೊತ್ತಾದ ಮೇಲೆ ಈ ಹುಡುಗನನ್ನು ಮನೆಗೆ ಕಳಿಸಬೇಕೋ ಆಸ್ಪತ್ರೆಗೆ ಕಳಿಸಬೇಕೋ ಎಂದು ತೀರ್ಮಾನ ಮಾಡುವ ಮಹಾನುಭಾವರು ಎರಡೂ ಕಡೆ ಬೇಕಾದಷ್ಟು ಇದ್ದರು. ಸಂಜೆ ಆರಾಯಿತೆಂದರೆ ಊರ ನಡುವಿನ ಪೇಟೆ ಮಸಣ. ಸುತ್ತಲೂ ಕಬ್ಬಿಣದ ಗೇಟು, ಗೇಟಿನಲ್ಲಿ ಬಂದೂಕು ಹಿಡಿದ ಸೈನಿಕರು, ಚೀಲ ಬಿಚ್ಚಿ ತೋರಿಸು ಎನ್ನುವ ಗದರಿಕೆ. ಕ್ಯಾಥೊಲಿಕ್ಕರು ತಮ್ಮ ಬೀದಿಗಳಲ್ಲಿ ಕದ ಹಾಕಿಕೊಂಡು ಕೂತರೆ ಪ್ರಾಟೆಸ್ಟಂಟರು ತಮ್ಮ ಬೀದಿಗಳಲ್ಲಿ. ಯಾರಿಗೂ ಬೇಡವಾದ ಆ ಪೇಟೆಯ ನಡುವೆ, ಕೂಪರ್ಸ್ ಎಂಬ ಹಳೆಯ ಹೆಂಡದಂಗಡಿಯ ಮಹಡಿಯಲ್ಲಿ, ಶನಿವಾರ ಮಧ್ಯಾಹ್ನ ಎರಡೂ ಕಡೆಯ ಹುಡುಗ ಹುಡುಗಿಯರು ಒಟ್ಟಿಗೆ ಸೇರಿ ಪಂಕ್ ಹಾಡುಗಳಿಗೆ ಬೆವರು ಸುರಿಯುವಂತೆ ಕುಣಿಯುತ್ತಿದ್ದರು. ಮಧ್ಯಾಹ್ನವೇ ಯಾಕೆಂದರೆ ಕತ್ತಲಾದ ಮೇಲೆ ಬಸ್ಸನ್ನು ನಂಬುವ ಹಾಗಿರಲಿಲ್ಲ.

ಅಲ್ಲಿ ಎಲ್ಲರಿಗೂ ಅಡ್ಡಹೆಸರು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: ‘ಇಲ್ಲಿ ಯಾರಿಗೂ ಅಪ್ಪ ಇಟ್ಟ ಹೆಸರಿಲ್ಲ.’ ಹೊಸಬನೊಬ್ಬ ಬಂದು, ಅಭ್ಯಾಸಬಲದಿಂದ, ನೀನು ಯಾವ ಶಾಲೆ ಎಂದು ಯಾರನ್ನಾದರೂ ಕೇಳಿಬಿಟ್ಟರೆ ಅವನ ತಲೆಯ ಮೇಲೆ ಲೋಟಗಳ ತಳದಲ್ಲಿ ಉಳಿದ ಬಿಯರನ್ನೆಲ್ಲ ಸುರಿಯುತ್ತಿದ್ದರು. ಎರಡನೇ ಸಲ ಯಾರೂ ಕೇಳುತ್ತಿರಲಿಲ್ಲ. ಕುಣಿದು ಮುಗಿಸಿ ಗೇಟಿನವರೆಗೆ ಒಟ್ಟಿಗೆ ಬಂದು ಅಲ್ಲಿಂದ ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಹೋಗುತ್ತಿದ್ದರು. ಯಾರು ಯಾವ ಕಡೆ ತಿರುಗಿದರೆಂದು ಹಿಂತಿರುಗಿ ನೋಡುವುದು ಸಹ ಮರ್ಯಾದೆಗೇಡು.

ಗೋಡೆಯ ಮೇಲೆ ಅದನ್ನು ಬರೆದವನು ಜಿಪ್. ಅಲ್ಲಿ ನುಡಿಸುತ್ತಿದ್ದ ‘ವೆಟ್ ಕೋಲ್’ ಎಂಬ ತಂಡದ ಹಾಡುಗಾರ. ಒದ್ದೆ ಕಲ್ಲಿದ್ದಲು ಉರಿಯುವುದಿಲ್ಲ, ಮನೆ ತುಂಬ ಹೊಗೆ ಎಬ್ಬಿಸುತ್ತದೆ. ಅದಕ್ಕೇ ಆ ಹೆಸರು. ಗಿಟಾರಿನ ತಂತಿ ಮೀಟುವವನು ಗ್ರೇವಿ, ದಪ್ಪ ಕನ್ನಡಕದ ದಪ್ಪ ಹುಡುಗ. ಡ್ರಮ್ ಬಾರಿಸುವವಳು ಟೋಸ್ಟ್. ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳು, ಎಷ್ಟು ಒಗೆದರೂ ಬಟ್ಟೆಗೆ ಸುಟ್ಟ ಬ್ರೆಡ್ಡಿನ ವಾಸನೆ ಇರುತ್ತಿತ್ತು, ಹಾಗಾಗಿ ಟೋಸ್ಟ್.

ಮನೆಯಲ್ಲಿ ಅವಳು ಲೋರ್ನಾ. ಹದಿನೇಳು ವರ್ಷ. ಅಪ್ಪ ವೆಸ್ಲಿ ಹಡಗು ಕಟ್ಟುವ ಅಂಗಳದಲ್ಲಿ ಬೆಸುಗೆ ಹಾಕುವವನು. ಹಾರ್ಟ್‌ವೆಲ್ ಬೀದಿಯ ಮನೆಯ ಮುಂಗೋಣೆಯಲ್ಲೇ ಹುಟ್ಟಿದವನು, ಅಲ್ಲೇ ಸಾಯುತ್ತೇನೆ ಎನ್ನುತ್ತಿದ್ದವನು. ಅದು ಅಪ್ಪಟ ಪ್ರಾಟೆಸ್ಟಂಟ್ ಬೀದಿ. ರಸ್ತೆಯಂಚಿನ ಕಲ್ಲುಗಳಿಗೂ ಬ್ರಿಟಿಷ್ ಬಾವುಟದ ಕೆಂಪು, ಬಿಳಿ, ನೀಲಿ ಬಣ್ಣ. ಅಮ್ಮ ಬೆಟಿ ಪ್ರಾಟೆಸ್ಟಂಟರ ಜುಲೈ ಮೆರವಣಿಗೆಯ ದಿನ ಇಡೀ ಬೀದಿಗೆ ಸ್ಯಾಂಡ್‌ವಿಚ್ ಮಾಡುತ್ತಿದ್ದಳು, ಮೆರವಣಿಗೆಯವರ ಬಾವುಟದ ಅಂಚು ಬಿಟ್ಟರೆ ಹೊಲಿದು ಕೊಡುತ್ತಿದ್ದಳು, ಭಾನುವಾರ ಟೋಪಿ ಹಾಕಿಕೊಂಡು ಚರ್ಚಿನಲ್ಲಿ ಎರಡನೇ ಸಾಲಿನಲ್ಲಿ ಕೂರುತ್ತಿದ್ದಳು. ಆ ಬೆಟಿಯ ಹುಟ್ಟು ಹೆಸರು ಬರ್ನಡೆಟ್. ಊರಿನ ಆಚೆ ತುದಿಯ ಕ್ಯಾಥೊಲಿಕ್ ಮನೆಯ ಮಗಳು. ವೆಸ್ಲಿಯನ್ನು ಡ್ಯಾನ್ಸ್ ಹಾಲಿನಲ್ಲಿ ಮೆಚ್ಚಿ, ಎರಡೂ ಮನೆಯವರಿಂದ ಉಗಿಸಿಕೊಂಡು, ಸಮುದ್ರ ದಾಟಿ ಹೋಗಿ ಮದುವೆಯಾಗಿ ಬಂದವಳು. ಬೀದಿಯವರಿಗೆ ತಾನು ಯಾವುದೋ ಕಡಲತಡಿಯ ಊರಿನವಳು, ಹಿಂದೆ ಮುಂದೆ ಯಾರೂ ಇಲ್ಲ ಎಂದು ಹೇಳಿಟ್ಟಿದ್ದಳು. ಇಪ್ಪತ್ತು ವರ್ಷ ಆ ಸುಳ್ಳನ್ನು ಮೈಮೇಲೆ ಹೊದ್ದುಕೊಂಡೇ ಬಾಳಿದಳು.

ಹಿಂದಿನ ಚಳಿಗಾಲದಲ್ಲಿ ಬೆಟಿಯ ತಾಯಿ ತೀರಿಕೊಂಡಳು. ಸುದ್ದಿ ಹೇಗೋ ತಲುಪಿತು. ಹೋಗುವ ಹಾಗಿಲ್ಲ. ಸರಿ, ಹೋಗದಿದ್ದರೆ ಬೇಡ, ಮನೆಯಲ್ಲಿ ಕೂತು ಅಳೋಣವೆಂದರೆ ಅತ್ತ ಕಣ್ಣಿಗೆ ಕಾರಣ ಬೇಕಲ್ಲ. ಪಕ್ಕದ ಮನೆಯ ಐವಿ ಗಿಬ್ ದಿನಕ್ಕೆ ಹತ್ತು ಸಲ ಬರುವವಳು. ಬೆಟಿ ಹಲ್ಲು ಕೀಳಿಸಿಕೊಂಡೆ ಎಂದು ಹೇಳಿ ಎರಡು ದಿನ ಕೆನ್ನೆಯೊಳಗೆ ಹತ್ತಿಯ ಉಂಡೆ ಇಟ್ಟುಕೊಂಡು ಓಡಾಡಿದಳು. ನೋವಿನ ನೆಪದಲ್ಲಿ ತಾಯಿಗಾಗಿ ಕಣ್ಣೀರು ಹಾಕಿದಳು. ಐವಿ ಪಾಪ, ಅಗಿಯಲಾಗುವುದಿಲ್ಲವಲ್ಲ ಎಂದು ಎರಡು ದಿನವೂ ಸೂಪು ಮಾಡಿ ತಂದುಕೊಟ್ಟಳು.

ಲೋರ್ನಾಗೆ ಇದನ್ನೆಲ್ಲ ನೋಡಿ ಎದೆ ಒಡೆದುಹೋಗಿತ್ತು. ಯಾರಿಗಾದರೂ ಹೇಳಿಕೊಳ್ಳದಿದ್ದರೆ ಸಾಯುತ್ತೇನೆ ಅನ್ನಿಸುವಂಥ ವಯಸ್ಸು. ವಸಂತದಲ್ಲಿ ಒಂದು ಶನಿವಾರ ಬಾಂಬಿನ ಗುಲ್ಲೆದ್ದು ಬಸ್ಸುಗಳೆಲ್ಲ ನಿಂತವು. ಅವಳು, ಜಿಪ್ ಇಬ್ಬರೂ ಮುಚ್ಚಿದ ಅಂಗಡಿಯೊಂದರ ಬಾಗಿಲಲ್ಲಿ ಕೂತು ವಿನಿಗರ್ ಸುರಿದ ಆಲೂಗಡ್ಡೆ ಚಿಪ್ಸ್ ತಿನ್ನುತ್ತಾ ಗೇಟು ತೆರೆಯುವುದನ್ನು ಕಾಯುತ್ತಿದ್ದಾಗ ಅವಳು ಹೇಳಿಬಿಟ್ಟಳು. ಬೀದಿ, ಬೆಟಿ, ಬರ್ನಡೆಟ್, ಹತ್ತಿ, ಸೂಪು, ಎಲ್ಲವನ್ನೂ. ಹೇಳಿ ಮುಗಿಸಿದ ಮೇಲೆ ಹೆದರಿ ಅವನ ಮುಖ ನೋಡಿದಳು. ಜಿಪ್ ಕೈಯಲ್ಲಿದ್ದ ಚಿಪ್ಸನ್ನು ಬಾಯಿಗೆ ಹಾಕಿಕೊಂಡು, ನನಗೇನೂ ಕೇಳಿಸಲಿಲ್ಲ ಅಂದ. ಆಮೇಲೆ, ಲೆಕ್ಕ ಸಮವಾಗಲಿ ಎಂದು, ತನ್ನ ಹೆಸರು, ಬೀದಿ, ಮನೆಯ ಬಾಗಿಲಿನ ಬಣ್ಣ ಎಲ್ಲವನ್ನೂ ಹೇಳಿದ. ಅವನು ಆಚೆ ಕಡೆಯವನು, ಕ್ಯಾಥೊಲಿಕ್. ಆ ಹೆಸರು ಏನೆಂದು ಇಲ್ಲಿ ಬರೆಯುವುದಿಲ್ಲ. ಕಟ್ಟುಪಾಡೆಂದರೆ ಕಟ್ಟುಪಾಡು.

ಅಕ್ಟೋಬರಿನಲ್ಲಿ ಲಂಡನ್ನಿನಿಂದ ಟೀವಿಯವರು ಬಂದರು. ಮುಂದಾಳು ಕ್ರಿಸ್ಪಿನ್ ಎಂಬವನು, ಕುರಿಯುಣ್ಣೆಯ ಕಾಲರಿನ ಕೋಟು, ಯಾವುದನ್ನು ನೋಡಿದರೂ ಅದ್ಭುತ ಅದ್ಭುತ ಎನ್ನುವ ಬಾಯಿ. ಸೈನಿಕರು ಅವನ ಚೀಲ ತಡಕಿದರೂ ಅದ್ಭುತ ಅಂದ. ಬಾಂಬು ಗುಂಡುಗಳ ಊರಿನಲ್ಲಿ ಎರಡೂ ಕಡೆಯ ಮಕ್ಕಳು ಕೈ ಕೈ ಹಿಡಿದು ಕುಣಿಯುವುದನ್ನು ಇಂಗ್ಲೆಂಡಿನ ಜನ ಊಟದ ಹೊತ್ತಿಗೆ ನೋಡಿ ಕಣ್ಣೊರೆಸಿಕೊಳ್ಳಬೇಕು, ಅದು ಅವನ ಆಸೆ. ಇವನು ನಮ್ಮನ್ನು ಮೃಗಾಲಯದ ಕೋತಿಗಳು ಅಂದುಕೊಂಡಿದ್ದಾನೆ, ಕಡಲೇಕಾಯಿ ಎಸೆಯೋದೊಂದೇ ಬಾಕಿ ಎಂದು ಗ್ರೇವಿ ಮೊದಲ ದಿನವೇ ಗೊಣಗಿದ. ಮೂವರೂ ಕೂತು ಮಾತಾಡಿಕೊಂಡರು. ಹಾಡು ಬೇಕಾದರೆ ಹಿಡಿದುಕೊಳ್ಳಲಿ. ಹೆಸರಿಲ್ಲ, ಬೀದಿಯಿಲ್ಲ, ಮನೆಯವರ ಸುದ್ದಿಯಿಲ್ಲ. ಕ್ರಿಸ್ಪಿನ್ ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡ.

ಒಪ್ಪಿಕೊಂಡವನು ಜಿಪ್‌ನ ಬೆನ್ನು ಬಿಡಲಿಲ್ಲ. ಹೋಟೆಲಿಗೆ ಕರೆದುಕೊಂಡು ಹೋದ, ದನದ ಮಾಂಸ ತಿನ್ನಿಸಿದ, ಲಂಡನ್ನಿನಲ್ಲಿ ತನಗೆ ಯಾರ್ಯಾರು ಗೊತ್ತು ಎಂದು ಹೇಳಿದ. ಹಾಡುಗಳು ಚೆನ್ನಾಗಿವೆ, ಆದರೆ ಹಾಡು ಎಲ್ಲರ ಹತ್ತಿರವೂ ಇದೆ, ನಿಮ್ಮಲ್ಲಿ ಇರುವ ಕತೆ ಅವರ ಹತ್ತಿರ ಇಲ್ಲ ಅಂದ. ಜಿಪ್ ಹೋಟೆಲಿನಿಂದ ಬಂದಾಗಲೆಲ್ಲ ಕಣ್ಣಿನಲ್ಲಿ ಏನೋ ಒಂದು ಹೊಳಪು. ಟೋಸ್ಟ್ ಅದನ್ನು ನೋಡಿಯೂ ಬೇರೇನೂ ಅಂದುಕೊಳ್ಳಲಿಲ್ಲ. ಅವಳಿಗೆ ಅವನ ಮೇಲೆ ಅಷ್ಟು ನಂಬಿಕೆ, ಹಾಳು ನಂಬಿಕೆ.

ಶನಿವಾರ ಕೂಪರ್ಸಿನ ಮಹಡಿ ಕಿಕ್ಕಿರಿದಿತ್ತು. ಟೀವಿಯವರ ದೀಪದ ಬಿಸಿಗೆ ಗೋಡೆಗಳೂ ಬೆವರಿದ್ದವು. ಮೂರು ನಾಲ್ಕು ಹಾಡು ಮುಗಿದಿರಬೇಕು. ಜಿಪ್ ಮೈಕಿನ ಮುಂದೆ ಬಂದು ಕೈಯೆತ್ತಿದ. ಹುಡುಗರು ಸುಮ್ಮನಾದರು. ಕ್ಯಾಮೆರಾದವನು ಹತ್ತಿರ ಬಂದ. ಜಿಪ್‌ಗೂ ಕ್ರಿಸ್ಪಿನ್‌ಗೂ ಮೊದಲೇ ಮಾತಾಗಿತ್ತು ಎಂದು ಟೋಸ್ಟ್‌ಗೆ ಹೊಳೆದದ್ದು ಆಮೇಲೆ.

“ಪಂಕ್ ಪಂಕ್ ಅಂತ ಎಗರಾಡ್ತೀರಲ್ಲ,” ಅಂದ ಜಿಪ್. “ನಮ್ಮ ಟೋಸ್ಟ್ ಅಮ್ಮನ ಮುಂದೆ ನೀವೆಲ್ಲ ಲೆಕ್ಕಕ್ಕೇ ಇಲ್ಲ. ಕ್ಯಾಥೊಲಿಕ್ ಹೆಂಗಸು. ಇಪ್ಪತ್ತು ವರ್ಷದಿಂದ ಪ್ರಾಟೆಸ್ಟಂಟ್ ಬೀದೀಲಿ ಬೆಟಿ ಅಂತ ಹೆಸರಿಟ್ಕೊಂಡು ಬೀದಿಗೆ ಬೀದೀನೇ ಮಂಗ ಮಾಡಿದಾಳೆ. ಸ್ವಂತ ತಾಯಿ ಸತ್ರೆ ಅಳೋ ಹಾಗಿಲ್ಲ ಅಂತ, ಹಲ್ಲು ಕೀಳಿಸ್ದೆ ಅಂದ್ಬಿಟ್ಟು, ಎರಡು ದಿನ ಬಾಯಲ್ಲಿ ಹತ್ತಿ ತುರುಕ್ಕೊಂಡು ಓಡಾಡಿದ್ಲು. ಅದು ಕಣ್ರೋ ಪಂಕ್ ಅಂದ್ರೆ.”

ಹತ್ತಿಯ ಮಾತಿಗೆ ಮುಂದಿನ ಸಾಲಿನಲ್ಲಿ ಒಂದಿಬ್ಬರು ನಕ್ಕರು. ನಕ್ಕವರು ಅಕ್ಕಪಕ್ಕ ನೋಡಿ ಬಾಯಿ ಮುಚ್ಚಿಕೊಂಡರು. ಆಮೇಲೆ ಎಲ್ಲರ ಕಣ್ಣೂ ಡ್ರಮ್ಮಿನ ಹಿಂದೆ ಕೂತವಳ ಮೇಲೆ. ಅಷ್ಟರಲ್ಲಿ ಜಿಪ್ ತಿರುಗಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದ. ಎಣಿಸಿದ ಕೂಡಲೇ ಅವಳ ಕೈಗಳು ತಮ್ಮಷ್ಟಕ್ಕೆ ಬಾರಿಸತೊಡಗಿದವು. ಎರಡು ವರ್ಷದ ಅಭ್ಯಾಸ. ತಾಯಿಯನ್ನು ಬೀದಿಗೆಳೆದವನ ಹಾಡಿಗೆ ತಾಳ ಹಾಕುತ್ತಿರುವ ಕೈಗಳನ್ನು ನೋಡಿ ಅವಳಿಗೆ ಕತ್ತರಿಸಿ ಎಸೆಯಬೇಕೆನ್ನಿಸಿತು.

ಹಾಡು ಮುಗಿದದ್ದೇ ತಡ, ಅವಳು ಅವನನ್ನು ಮೆಟ್ಟಿಲ ಬಳಿ ಹಿಡಿದು ಗೋಡೆಗೊತ್ತಿದಳು. ಅವನು ಮೊದಲು ನಕ್ಕ. ಆಮೇಲೆ, ಅವಳು ತಮಾಷೆ ಮಾಡುತ್ತಿಲ್ಲವೆಂದು ಗೊತ್ತಾದಾಗ, ಅವನಿಗೇ ಬೇಜಾರಾಯಿತಂತೆ. ಏನು ಮಹಾ ಬೈದೆನಾ, ಹೊಗಳಿದ್ದು ಕಣೇ ಅಂದ.

“ಮುಚ್ಚಿಟ್ಕೊಂಡು ಹೆದರ್ಕೊಂಡು ಬದುಕೋದು ಪಂಕ್ ಅಲ್ಲ ಟೋಸ್ಟ್. ಇದ್ದದ್ದನ್ನ ಇದ್ದ ಹಾಗೆ ಬಾಯಿಬಿಟ್ಟು ಹೇಳೋದು ಪಂಕ್.”

“ಹಾಗಿದ್ರೆ ನಿಮ್ಮಮ್ಮನ ಹೆಸರು ಹೇಳ್ಬೇಕಿತ್ತು,” ಅಂದಳು ಟೋಸ್ಟ್. “ನಿಮ್ಮ ಬೀದಿ ಹೇಳ್ಬೇಕಿತ್ತು. ನಮ್ಮಮ್ಮನ ಬಾಳು ಯಾಕೆ ಬೇಕಾಯ್ತು ನಿಂಗೆ? ನಿಂದೇ ಇತ್ತಲ್ಲ.”

ಅಷ್ಟು ಹೊತ್ತೂ ಹೊಳೆಯುತ್ತಿದ್ದ ಮುಖ ಮಂಕಾಯಿತು. ಸರಿ, ನಾನು ಕ್ರಿಸ್ಪಿನ್‌ಗೆ ಹೇಳಿ ಅದೊಂದು ಭಾಗ ತೆಗೆಸುತ್ತೇನೆ, ಟೀವಿಯಲ್ಲಿ ಬರುವುದು ಗುರುವಾರ, ಇನ್ನೂ ಹೊತ್ತಿದೆ ಎಂದು ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದ. ಅವಳು ತಾನೇ ಕ್ರಿಸ್ಪಿನ್ ಹತ್ತಿರ ಹೋಗಿಯೂ ಕೇಳಿದಳು. ಆ ಮಾತು ನಿನ್ನದಲ್ಲ, ಹುಡುಗನದು, ಅವನು ಬೇಡವೆಂದರೆ ನೋಡೋಣ ಎಂದು ಕ್ರಿಸ್ಪಿನ್ ನಯವಾಗಿ ಕೈ ತೊಳೆದುಕೊಂಡ.

ಸೋಮವಾರ ಜಿಪ್ ಬೇಕರಿಗೆ ಬಂದು ಆಯಿತು ಅಂದ. ಮಾತಾಡಿದೆ, ತೆಗೆಯುತ್ತಾರೆ, ನಿಶ್ಚಿಂತೆಯಾಗಿರು. ಒಂದು ಬನ್ನು ತಿಂದುಕೊಂಡು ಹೋದ.

ಅದೇ ಸೋಮವಾರ ಮತ್ತೊಬ್ಬಳು ಬಂದಳು. ಶನಿವಾರ ಮುಂದಿನ ಸಾಲಿನಲ್ಲಿದ್ದ ಹುಡುಗಿ, ಹಾರ್ಟ್‌ವೆಲ್ ಬೀದಿಗೆ ಎರಡೇ ಬೀದಿ ಆಚೆಯವಳು. ಅವಳ ಅಣ್ಣಂದಿರು ಎಂಥವರೆಂದು ಟೋಸ್ಟ್‌ಗೆ ಚೆನ್ನಾಗಿ ಗೊತ್ತು. ಆ ಹುಡುಗಿ ಬ್ರೆಡ್ಡು ತೆಗೆದುಕೊಂಡು, ಚಿಲ್ಲರೆ ಎಣಿಸುವ ಹಾಗೆ ತಲೆ ತಗ್ಗಿಸಿಕೊಂಡು, ಮೊನ್ನೆ ನನಗೆ ಶೀತ, ಕಿವಿ ಎರಡೂ ಕಟ್ಟಿಕೊಂಡಿತ್ತು, ಯಾರು ಏನು ಹೇಳಿದರೋ ಒಂದೂ ಕೇಳಿಸಲಿಲ್ಲ ಎಂದು ಹೇಳಿ ಹೋದಳು. ಮಹಡಿಯ ಮೇಲೆ ಅಷ್ಟು ಜನ ಇದ್ದರು. ಒಬ್ಬರೂ ಆ ಮಾತನ್ನು ಮೆಟ್ಟಿಲಿಳಿಸಿ ಕೆಳಗೆ ತರಲಿಲ್ಲ. ಪಂಕ್ ಅನ್ನುವುದು ಎಲ್ಲಿತ್ತು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಆ ಹುಡುಗಿಯ ಕಟ್ಟಿದ ಕಿವಿಯನ್ನು ತೋರಿಸುತ್ತೇನೆ. ಮೈಕಿನ ಮುಂದೆ ನಿಂತವನನ್ನಲ್ಲ.

ತೆಗೆಯುತ್ತಾರೆ ಎಂಬ ಧೈರ್ಯದಲ್ಲಿ ಲೋರ್ನಾ ಮನೆಯಲ್ಲಿ ಏನೂ ಹೇಳಲಿಲ್ಲ. ಸುಮ್ಮನೆ ಅಮ್ಮನ ನಿದ್ದೆ ಯಾಕೆ ಕೆಡಿಸಬೇಕು ಅಂದುಕೊಂಡಳು. ಹೇಳಿದ್ದರೆ ಗುರುವಾರ ಸಂಜೆ ಟೀವಿಯ ತಿರುಗಣಿ ಕೆಟ್ಟಿದೆ ಎಂದಾದರೂ ಬೆಟಿ ಏನಾದರೂ ಉಪಾಯ ಮಾಡುತ್ತಿದ್ದಳೋ ಏನೋ. ಅದರ ಬದಲು ವೆಸ್ಲಿ ಹಡಗಿನ ಅಂಗಳದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಮಗಳು ಟೀವಿಯಲ್ಲಿ ಬರುತ್ತಾಳೆ ಎಂದು ಸಾರಿಬಿಟ್ಟಿದ್ದ. ಮಗಳ ಕೂದಲು ನೋಡಿ ದಿನವೂ ಬೈಯುತ್ತಿದ್ದವನು ಗುರುವಾರ ತಾನೇ ಹೋಗಿ ಪಕ್ಕದ ಮನೆಯ ಐವಿ ಗಿಬ್‌ಳನ್ನು ಕರೆತಂದ. ಐವಿಯ ಮನೆಯ ಟೀವಿ ಚಿಕ್ಕದು, ಚಿತ್ರ ಕುಣಿಯುತ್ತದೆ. ನಮ್ಮಲ್ಲೇ ನೋಡು ಬಾ ಎಂದು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದ. ಬೆಟಿ ಹಬ್ಬದ ಕಪ್ಪುಗಳನ್ನು ಇಳಿಸಿ ಚಹಾ ಕೊಟ್ಟಳು.

ಶುರುವಿನಲ್ಲಿ ಗೇಟು, ಸೈನಿಕರು, ಮಳೆ. ಆಮೇಲೆ ಕೂಪರ್ಸ್. ಮಗಳು ಡ್ರಮ್ ಬಾರಿಸುವುದು ಕಂಡ ಕೂಡಲೇ ವೆಸ್ಲಿ ತೊಡೆ ತಟ್ಟಿಕೊಂಡು, ನೋಡು ನೋಡು, ನನ್ನ ಕೈಯಂತೆ ಇದೆ ಕೈ, ಸುತ್ತಿಗೆ ಕೊಟ್ಟರೆ ಹಡಗು ಕಟ್ಟುತ್ತಾಳೆ ಅಂದ. ಐವಿ ನಕ್ಕಳು. ಆಮೇಲೆ ಜಿಪ್‌ನ ಮುಖ ಟೀವಿಯ ತುಂಬ ಬಂತು. ಕೈಯೆತ್ತಿದ. ಲೋರ್ನಾ ಎದ್ದು ಹೋಗಿ ಟೀವಿ ಆರಿಸಬೇಕೆಂದುಕೊಂಡಳು, ಅಷ್ಟರಲ್ಲಿ ಮಾತು ಶುರುವಾಗಿತ್ತು.

ಒಂದಕ್ಷರವನ್ನೂ ತೆಗೆದಿರಲಿಲ್ಲ. ಕ್ಯಾಥೊಲಿಕ್ ಹೆಂಗಸು ಬಂತು, ಬೆಟಿ ಬಂತು, ಬೀದಿಗೆ ಬೀದಿಯನ್ನೇ ಮಂಗ ಮಾಡಿದ್ದು ಬಂತು, ಹಲ್ಲು ಬಂತು, ಹತ್ತಿ ಬಂತು. ಹತ್ತಿಯ ಮಾತಿಗೆ ನಕ್ಕವರ ನಗು ಟೀವಿಯಲ್ಲಿ ಇನ್ನೂ ಜೋರಾಗಿ ಕೇಳಿಸಿತು. ಕೊನೆಗೆ ತಾಳ ಹಾಕುತ್ತಿರುವ ಲೋರ್ನಾಳ ಕೈಗಳನ್ನು ತೋರಿಸಿದರು.

ವೆಸ್ಲಿ ಎದ್ದು ಟೀವಿ ಆರಿಸಿ, ಆರಿದ ಟೀವಿಯ ಮುಂದೆಯೇ ನಿಂತ. ಐವಿ ಕಪ್ಪನ್ನು ಬಸಿಯ ಮೇಲಿಟ್ಟಳು. ಅವಳ ಮುಖದಲ್ಲಿ ಇದ್ದದ್ದು ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು.

“ನಾನು ಸೂಪು ಮಾಡಿ ತಂದೆನಲ್ಲ ಬೆಟಿ,” ಅಂದಳು. “ಎರಡು ದಿನ ತಂದೆ. ನಿಮ್ಮಮ್ಮ ಸತ್ಳು ಅಂತ ನಂಗೆ ಹೇಳಿದ್ರೆ ನಾನೇನು ನಿನ್ನ ಕಚ್ಚಿ ತಿಂತಿದ್ನಾ?”

ಐವಿ ಸೆರಗಿಲ್ಲದ ಹೆಂಗಸು ಸೆರಗು ಹುಡುಕುವ ಹಾಗೆ ಮಡಿಲನ್ನೊಮ್ಮೆ ತಡವಿಕೊಂಡು ಎದ್ದು, ಹಿತ್ತಿಲ ಬಾಗಿಲಿಂದ ಬರುತ್ತಿದ್ದವಳು ಆ ದಿನ ಮುಂಬಾಗಿಲಿಂದ ಹೋದಳು. ಬಾಗಿಲು ಮುಚ್ಚಿದ ಸದ್ದಾದ ಮೇಲೆ ಬೆಟಿ ಮಗಳ ಕಡೆ ತಿರುಗಿ, ಆ ಹುಡುಗನಿಗೆ ಯಾರು ಹೇಳಿದ್ದು ಎಂದು ಕೇಳಿದಳು. ನಾನೇ ಅಂದಳು ಲೋರ್ನಾ. ಬೆಟಿ ತಲೆಯಾಡಿಸಿದಳು. ಆಮೇಲೆ ಎರಡು ದಿನ ಮಗಳೊಂದಿಗೆ ಮಾತಾಡಲಿಲ್ಲ. ಹಳೆಯ ಪೇಪರು ತಂದು ಕಪ್ಪುಗಳನ್ನು ಒಂದೊಂದಾಗಿ ಸುತ್ತಲು ಕೂತಳು. ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ರಾತ್ರಿಯೇ ಮುಂಗೋಣೆಯ ಕಿಟಕಿಗೆ ಇಟ್ಟಿಗೆ ಬಿತ್ತು.

ಶುಕ್ರವಾರ ಗ್ರೇವಿ ಬೇಕರಿಯ ಹಿಂಬಾಗಿಲಿಗೆ ಬಂದ. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಹೇಳಬೇಕೋ ಬೇಡವೋ ಎಂದು ಅವನಿಗೆ ಸಂಕಟ. ಕೊನೆಗೆ ಹೇಳಿದ. ಸೋಮವಾರ ಕೂಪರ್ಸಿನ ಫೋನಿನಲ್ಲಿ ಜಿಪ್ ಮಾತಾಡುವಾಗ ನಾನು ಪಕ್ಕದಲ್ಲೇ ಇದ್ದೆ, ಇಬ್ಬರ ಮಾತೂ ಕೇಳಿಸಿತು. ಕ್ರಿಸ್ಪಿನ್ ತಾನಾಗಿಯೇ ಕೇಳಿದ, ಆ ಹುಡುಗಿ ತುಂಬ ಹೆದರಿದ್ದಾಳೆ, ಆ ಭಾಗ ತೆಗೆದುಬಿಡಲೇ ಎಂದು. ಜಿಪ್, ಬೇಡ, ಇರಲಿ, ಅದೇ ಇಡೀ ಕಾರ್ಯಕ್ರಮದ ಜೀವ ಅಂದ. ಭಾನುವಾರದ ಹಡಗಿಗೆ ಲಂಡನ್ನಿಗೆ ಹೊರಟಿದ್ದಾನೆ. ಅಲ್ಲಿ ಹೊಸ ತಂಡ ಕಟ್ಟಿಕೊಡುತ್ತಾರಂತೆ.

“ಇದನ್ನ ನೀನು ಸೋಮವಾರವೇ ಯಾಕೆ ಹೇಳ್ಲಿಲ್ಲ?” ಎಂದಳು ಟೋಸ್ಟ್.

ನಿನಗೆ ಹೇಳಿ ನಿನ್ನ ಒಪ್ಪಿಗೆ ತೆಗೆದುಕೊಂಡಿದ್ದಾನೆ ಅಂದುಕೊಂಡೆ, ನಾವು ಒಬ್ಬರ ವಿಷಯ ಇನ್ನೊಬ್ಬರು ಕೇಳುವುದಿಲ್ಲವಲ್ಲ ಎಂದ ಗ್ರೇವಿ. ಅವನ ಕಣ್ಣಲ್ಲಿ ನೀರು. ಅವಳಿಗೆ ಅವನನ್ನು ಸಮಾಧಾನ ಮಾಡುವಷ್ಟು ತ್ರಾಣವೂ ಇರಲಿಲ್ಲ. ಜಿಪ್ ಒಂದು ಬನ್ನು ತಿಂದುಕೊಂಡು ಹೋದನಲ್ಲ, ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ನಿಶ್ಚಿಂತೆಯಾಗಿರು ಎಂದನಲ್ಲ! ಇರಿದವನು ಹಿಂದಿನಿಂದ ಇರಿದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇಡೀ ದಿನ ಹಿಟ್ಟು ನಾದುತ್ತಾ ಅವಳು ಮನಸ್ಸಿನಲ್ಲಿ ಅವನನ್ನು ನೂರು ಸಲ ಕೊಂದಳು.

ಶನಿವಾರ ಬೆಳಗ್ಗೆ ಸ್ಯಾಮಿ ಗೌರ್ಲಿ ಬಂದ. ಬೀದಿಯಲ್ಲಿ ಯಾರ ಮನೆಯ ಕಿಟಕಿಗೆ ಇಟ್ಟಿಗೆ ಬೀಳಬೇಕು, ಯಾರ ಮನೆಯದಕ್ಕೆ ಬೀಳಬಾರದು ಎಂದು ತೀರ್ಮಾನಿಸುವವರಲ್ಲಿ ಒಬ್ಬ. ವೆಸ್ಲಿಯ ಜೊತೆ ಶಾಲೆ ಓದಿದವನು. ಟೋಪಿ ತೆಗೆದು, ಕಾಲೊರೆಸಿಕೊಂಡು ಒಳಗೆ ಬಂದ. ಒಡೆದ ಕಿಟಕಿಗೆ ಹೊಡೆದಿದ್ದ ಹಲಗೆಯನ್ನು ನೋಡಿ ಲೊಚಗುಟ್ಟಿದ. ಅಡಿಗೆಮನೆಯ ಮೇಜಿನ ಮುಂದೆ ಕೂತು, ಬೆಟಿಯ ಮೇಲೆ ತನಗೇನೂ ಇಲ್ಲ, ಅವಳ ಸ್ಯಾಂಡ್‌ವಿಚ್ ತಿಂದೇ ತನ್ನ ಮಕ್ಕಳು ಬೆಳೆದದ್ದು ಅಂದ. ಆದರೆ ಬೀದಿಯ ಹುಡುಗರು ಕುದಿಯುತ್ತಿದ್ದಾರೆ. ಇಪ್ಪತ್ತು ವರ್ಷ ನಮ್ಮನ್ನು ಮಂಗ ಮಾಡಿದರು ಎಂದು ಟೀವಿಯಲ್ಲಿ ಹೇಳಿಸಿಕೊಂಡು ಕೂರುವುದು ಕಷ್ಟ ನೋಡು. ಅವರ ಸಿಟ್ಟಿಗೆ ಹೋಗಲು ಒಂದು ದಾರಿ ಬೇಕು. ಈ ಮನೆಯ ಬದಲು ಬೇರೆ ದಾರಿ ಸಿಕ್ಕರೆ, ಬೆಟಿ ಇಲ್ಲೇ ಇರಲಿ ಎಂದು ನಾನು ನಿಂತು ಹೇಳಬಲ್ಲೆ. ಹೇಳಿದರೆ ಕೇಳುತ್ತಾರೆ.

ಆಮೇಲೆ ಲೋರ್ನಾ ಕಡೆ ತಿರುಗಿದ. ದನಿ ಬಹಳ ಮೃದು.

“ಹಾಡ್ತಾನಲ್ಲ ಆ ಹುಡುಗ. ಅವನ ಹೆಸರೇನು ಮಗಳೇ? ಯಾವ ಬೀದಿ? ಅಷ್ಟು ಹೇಳು ಸಾಕು. ನಿಮ್ಮಮ್ಮ ಕಪ್ಪುಗಳನ್ನೆಲ್ಲ ವಾಪಸ್ ಮೇಲಿಡ್ಲಿ.”

ಹೆಸರು ಅವಳ ನಾಲಿಗೆಯ ತುದಿಗೇ ಬಂದು ನಿಂತಿತು. ಹುಟ್ಟು ಹೆಸರು, ಮನೆತನದ ಹೆಸರು, ಬೀದಿ, ಮನೆಯ ಬಾಗಿಲಿನ ಬಣ್ಣ ಸಹ. ಅವನಿಗೆ ಚೆನ್ನಾಗಿ ಬೀಳಲಿ ಎಂದು ಅವಳಿಗೆ ಮನಸಾರೆ ಅನ್ನಿಸುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಮೈಕು ಹಿಡಿದ ಕೈ ಮುರಿಯಲಿ. ಹಡಗು ಅವನನ್ನು ಬಿಟ್ಟು ಹೋಗಲಿ. ಒಂದು ಮಾತು, ಅಷ್ಟೇ, ಮನೆ ಉಳಿಯುತ್ತದೆ.

“ಹೇಳ್ಬಿಡೇ,” ಅಂದ ವೆಸ್ಲಿ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದ. “ದಮ್ಮಯ್ಯ ಅಂತೀನಿ. ನಾನು ಹುಟ್ಟಿದ ಮನೆ ಕಣೇ ಇದು. ನಮ್ಮನ್ನ ಹಾಳು ಮಾಡಿದವನು ಅವನು, ಅವನ ಮೇಲೆ ನಿಂಗ್ಯಾಕೆ ಇಷ್ಟು ಕನಿಕರ?”

ಕನಿಕರ ಎಲ್ಲಿತ್ತು? ಒಂದು ಚೂರೂ ಇರಲಿಲ್ಲ. ಆದರೆ ಬಾಯಿ ತೆರೆದರೆ ತಾನೂ ಮೈಕಿನ ಮುಂದೆ ನಿಂತಂತೆ ಎಂದು ಅವಳಿಗೆ ಅನ್ನಿಸಿತು. ಒಬ್ಬರು ನಂಬಿ ಕೊಟ್ಟ ಹೆಸರನ್ನು ಒಯ್ದು ತನ್ನ ಬೇಳೆ ಬೇಯಿಸಿಕೊಳ್ಳುವುದು. ಅವನು ಲಂಡನ್ನಿಗಾಗಿ ಮಾಡಿದ, ಇವಳು ಮನೆಗಾಗಿ ಮಾಡುವುದು, ಮಾಡುವ ಕೆಲಸ ಒಂದೇ. ಗೋಡೆಯ ಮೇಲೆ ಬರೆದವನಿಗೆ ಅದು ಬರೀ ಬಣ್ಣವಾಗಿತ್ತು ಎಂದ ಮಾತ್ರಕ್ಕೆ ಓದಿದವಳಿಗೂ ಹಾಗೇ ಆಗಬೇಕೇ?

“ಗೊತ್ತಿಲ್ಲ,” ಅಂದಳು. “ನಾವು ಹೆಸರು ಕೇಳಲ್ಲ.”

ಸ್ಯಾಮಿ ನಂಬಲಿಲ್ಲ, ನಂಬಿದಂತೆ ನಟಿಸಲೂ ಇಲ್ಲ. ಎದ್ದು ಟೋಪಿ ಹಾಕಿಕೊಂಡು, ಕತ್ತಲಾಗುವುದರೊಳಗೆ ಹೊರಟರೆ ಒಳ್ಳೆಯದು, ಅಲ್ಲಿಯವರೆಗೆ ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತೇನೆ ಎಂದು ವೆಸ್ಲಿಗೆ ಹೇಳಿದ. ಹೋಗುವಾಗ ಹಳೆಯ ಸ್ನೇಹಕ್ಕೆ ಅವನ ಭುಜ ತಟ್ಟಿದ. ವೆಸ್ಲಿ ಮಗಳ ಮುಖ ನೋಡದೆ, ಲಾರಿ ಗೊತ್ತುಮಾಡಲು ಹಡಗಿನ ಅಂಗಳದ ಗೆಳೆಯನೊಬ್ಬನ ಮನೆ ಕಡೆ ಹೋದ. ಹೋಗುವ ಊರು ಯಾವುದೆಂದು ಇನ್ನೂ ಗೊತ್ತಿರಲಿಲ್ಲ. ಎರಡೂ ಕಡೆಯ ಬೀದಿಗಳಲ್ಲಿ ಅವರಿಗೆ ಜಾಗವಿರಲಿಲ್ಲ.

ಮಧ್ಯಾಹ್ನ ಲಾರಿ ಬಂತು. ಹಾಸಿಗೆ, ಮಂಚ, ಟೀವಿ ಏರಿದವು. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಐವಿಯ ಮನೆಯ ಪರದೆ ಒಮ್ಮೆ ಅಲುಗಾಡಿ ಸುಮ್ಮನಾಯಿತು. ಲೋರ್ನಾ ಒಳಗೆ ಬಂದಾಗ ಬೆಟಿ ಬರಿದಾದ ಅಡಿಗೆಮನೆಯಲ್ಲಿ ಕಪ್ಪುಗಳ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. ಗುರುವಾರದ ನಂತರ ಮೊದಲ ಸಲ ಮಗಳೊಂದಿಗೆ ಮಾತಾಡಿದಳು.

“ಅವನ ಹೆಸರು ನಿಂಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು,” ಅಂದಳು ಲೋರ್ನಾ.

ಬೆಟಿ ಗಂಟು ಹಾಕಿ, ಗಂಟನ್ನು ಎಳೆದು ನೋಡಿದಳು. ಹೇಳದೆ ಇದ್ದದ್ದು ಒಳ್ಳೆಯದೇ ಆಯಿತು, ಆ ಹುಡುಗನಿಗೂ ಒಬ್ಬಳು ತಾಯಿ ಇರುತ್ತಾಳೆ ಅಂದಳು. ಲೋರ್ನಾ ಅಮ್ಮನಿಗೆ ಅರ್ಥವಾಯಿತು ಅಂದುಕೊಂಡು ಒಂದು ಹೆಜ್ಜೆ ಮುಂದೆ ಬಂದಳು. ಬೆಟಿ ಕೈ ಅಡ್ಡ ಹಿಡಿದಳು.

“ಇಷ್ಟು ಬಿಗಿಯಾಗಿ ಮುಚ್ಕೊಳ್ಳೋಕೆ ಬರುತ್ತಲ್ಲ ಈ ಬಾಯಿ,” ಅಂದಳು. “ಅಪ್ಪ ದಮ್ಮಯ್ಯ ಅಂದ್ರೂ ತೆರೀಲಿಲ್ಲ. ಕಂಡೋರ ಮಗನ ಹೆಸರಿಗೆ ಇಷ್ಟು ಕಾವಲು. ನನ್ನ ಹೆಸರು ಏನು ಪಾಪ ಮಾಡಿತ್ತು ಲೋರ್ನಾ?”

ಬೆಟಿ ಉತ್ತರಕ್ಕೆ ಕಾಯಲಿಲ್ಲ. ಪೆಟ್ಟಿಗೆಯನ್ನು ಎದೆಗವಚಿ ಎತ್ತಿಕೊಂಡು, ಮಗಳು ಹಿಡಿಯಲು ಬಂದರೂ ಕೊಡದೆ, ತಾನೇ ಲಾರಿಯ ಕಡೆ ನಡೆದಳು.